ಮುಳ್ಳು ನಿಲ್ಲುವ ತನಕ

ಹಾಲಪ್ಪನವರ ಮಗಳ ಮದುವೆ ವಿಡಿಯೋ ನೋಡುತ್ತ
ಬೀಗರೊಬ್ಬರು ಎದ್ದು ಹೋಗಿ ನಿಂಬೆಹಣ್ಣು ಮೂಸಿದರಂತೆ.
'ಅಕ್ಕಾರೆ, ಧಾರೆ ಹೊತ್ತಿಗೆ ಮಂಟಪಾನೇ ಅಲ್ಲಾಡೈತಲ್ರೀ,
ಲಾರಿ ಮ್ಯಾಲೆ ನಿಂತು ತೆಗೆದ್ರೇನು?'
ನಕ್ಕೆ.
ಎರಡು ಸಾವಿರ ಮುರಿದುಕೊಂಡು ಕೊಟ್ಟರು. ಅದಕ್ಕೂ ನಕ್ಕೆ.

ಗಿಂಬಲ್ ಕೊಳ್ಳೋಕೆ ಮೊದಲು ತೂಕ ಗೊತ್ತಿರಬೇಕಂತೆ.
ಕ್ಯಾಮೆರಾ, ಲೆನ್ಸು, ಮೈಕು, ಬ್ಯಾಟರಿ,
ಹಳೇ ದುಪ್ಪಟ್ಟಾದಲ್ಲಿ ಸುತ್ತಿಕೊಂಡು
ಮಂಡಕ್ಕಿ ಭಟ್ಟಿಯ ಓಣಿಗೆ ಹೋದೆ.
ಖಲಂದರ್ ಚಾಚಾನದು ಇನ್ನೂ ಕೈತಕ್ಕಡಿ.
ಒಂದು ತಟ್ಟೆಯಲ್ಲಿ ನನ್ನ ಹೊಟ್ಟೆಪಾಡು,
ಇನ್ನೊಂದರಲ್ಲಿ ಕಿಲೋ ಬಟ್ಟು, ಇನ್ನೂರರದು, ಐವತ್ತರದು.
ಮುಳ್ಳು ಆಡಿತು. ಆಡುತ್ತಲೇ ಇತ್ತು.
'ಹಂಗೆ ದಿಟ್ಟಿಸಬ್ಯಾಡ ಬೇಟಿ, ಅದು ನಾಚ್ಕೊಂತೈತಿ.'
ಆಚೆ ಹೊಗೆಯ ಕಡೆ ತಿರುಗಿದೆ.
ನಿಂತಿತು.
ಒಂದೂಕಾಲು ಕಿಲೋ, ಮೇಲೆ ಒಂದು ಹಿಡಿ ಮಂಡಕ್ಕಿ.
ಆ ಹಿಡಿಯನ್ನು ತಿನ್ನುತ್ತ ಮಂಡಿಪೇಟೆಗೆ ನಡೆದೆ.

ಅಂಗಡಿ ಹುಡುಗ ಸಣ್ಣದೊಂದನ್ನು ಮುಂದಿಟ್ಟ,
ಪೌಡರ್ ಡಬ್ಬಿಯಂಥ ಬಣ್ಣ.
'ಹೆಣ್ಮಕ್ಳ ಕೈಗೆ ಇದು ಸಾಕ್ರೀ ಮೇಡಂ, ಉಳಿದವು ಭಾರ.'
ಏನು ಹೇಳಲಿ ಇವನಿಗೆ?
ಹನ್ನೊಂದು ವರ್ಷ ಕಾದ ಮರಳಿನಲ್ಲಿ
ಕಬ್ಬಿಣದ ಹುಟ್ಟು ತಿರುವಿದ ಮಣಿಕಟ್ಟು ಇದು.
ಅಕ್ಕಿ ಅರಳುವುದಕ್ಕೂ ಸೀಯುವುದಕ್ಕೂ ನಡುವೆ
ಎರಡೇ ಉಸಿರು. ಕೈ ನಡುಗಿದವಳಿಗೆ
ಆ ದಿನದ ಕೂಲಿ ಇಲ್ಲ.
ಹೇಳಲಿಲ್ಲ. 'ಹೊರಗೆ ನಡೆದು ನೋಡ್ತೀನಿ' ಅಂದೆ.

ಅಶೋಕ ರಸ್ತೆ. ಗೇಟು ಬಿದ್ದಿದೆ.
ಸಣ್ಣದು ನನ್ನ ಕ್ಯಾಮೆರಾ ಹೊತ್ತೊಡನೆ ಕತ್ತು ಚೆಲ್ಲಿತು.
ಎರಡನೆಯದು ಚೆನ್ನಾಗಿತ್ತು, ನೋಡೋಕೆ ಚೆನ್ನಾಗಿತ್ತು,
ಮಡಚಿದರೆ ಟಿಫಿನ್ ಬಾಕ್ಸಿನಷ್ಟು.
ಆದರೆ ಮೋಟಾರು ಸೊಳ್ಳೆಯಂತೆ ಗುಂಯ್ಗುಟ್ಟುತ್ತದೆ,
ಮಂತ್ರದ ನಡುವೆ ಸೊಳ್ಳೆಯನ್ನು ಯಾರು ಹೊಡೆಯುತ್ತಾರೆ?
ಮತ್ತೆ, ಎಡಕ್ಕೆ ತಿರುಗಿದಾಗೆಲ್ಲ
ಇಡೀ ದಾವಣಗೆರೆ ಕೂದಲೆಳೆಯಷ್ಟು ವಾಲುತ್ತದೆ.
'ಅದು ಕಾಣಲ್ರೀ' ಅಂದ ಹುಡುಗ.
ನನಗೆ ಕಂಡಿತಲ್ಲ.

ಮೂರನೆಯದನ್ನು ಕಪಾಟಿನ ಅಡಿಯಿಂದ ನಾನೇ ಎಳೆದೆ.
ಯಾರೋ ವಾಪಸ್ ಕೊಟ್ಟದ್ದು, ಹಿಡಿಯ ರಬ್ಬರು ಸವೆದದ್ದು.
ಮೋಟಾರು ಹಚ್ಚುವ ಮೊದಲು ತಟ್ಟೆ ಹಿಂದೆ ಸರಿಸಿ,
ಮುಂದೆ ಸರಿಸಿ, ಮತ್ತೆ ನೂಲಿನಷ್ಟು ಹಿಂದೆ.
ಕೈ ಬಿಟ್ಟೆ. ಬಿಟ್ಟಲ್ಲೇ ನಿಂತಿತು.
ಈ ಸಲ ದಿಟ್ಟಿಸಿದರೂ ನಿಂತಿತ್ತು.

ಗೇಟು ಎದ್ದಿತು. ಬೈಕುಗಳ ನಡುವೆ ಚಾ ಹುಡುಗನೊಬ್ಬ,
ತಂತಿ ಬುಟ್ಟಿಯಲ್ಲಿ ಆರು ಲೋಟ, ಓಡುತ್ತಿದ್ದಾನೆ.
ಅವನ ಹಿಂದೆ ನಾನೂ ಮಂಡಿ ಮಡಚಿ ಓಡಿದೆ
ಹಳಿ ದಾಟಿ, ತಗ್ಗು ದಾಟಿ, ಕಿತ್ತಳೆ ಗಾಡಿ ದಾಟಿ.
ಪರದೆಯಲ್ಲಿ ಅವನು ತೇಲುತ್ತಿದ್ದ.
ಅವನ ಲೋಟದಿಂದಲೂ ಒಂದು ಹನಿ ಚೆಲ್ಲಲಿಲ್ಲ,
ಅವನಿಗೆ ಬ್ಯಾಟರಿಯೇ ಇಲ್ಲ.

ಚೀಟಿ ಎತ್ತಿ ಹದಿನಾಲ್ಕು ಸಾವಿರ ಕೊಟ್ಟೆ.
ಚಾರ್ಜರಿಗೆ ಬೇರೆ ದುಡ್ಡು ಕೇಳಿದ, ಕೊಡಲಿಲ್ಲ.

ಮೊದಲ ಕೆಲಸ ಚಿತ್ರದುರ್ಗದ ಕೋಟೆ.
ಮದುವೆಗಿನ್ನೂ ತಿಂಗಳಿರುವ ಹುಡುಗ, ಹುಡುಗಿ,
ಬಂಡೆಯಲ್ಲಿ ಕಡಿದ ಮೆಟ್ಟಿಲು, ಬೆಳಗಿನ ಬಿಸಿಲು.
ಅವಳು ಸೀರೆ ಎತ್ತಿ ಮುಂದೆ ಮುಂದೆ ಹತ್ತಿದಳು,
ನಾನು ಹಿಂದೆ, ಕೈ ಚಾಚಿ, ಬಾಯಿ ಬಿಟ್ಟು ಉಸಿರಾಡುತ್ತ.
ಮನೆಯಲ್ಲಿ ನೋಡಿದರೆ ಏಳುಬೀಳು ಒಂದೂ ಇಲ್ಲ,
ಗಾಳಿಯೇ ಕಣ್ಣು ಬಿಟ್ಟು ಹಿಂಬಾಲಿಸಿದ ಹಾಗೆ.
'ಅಕ್ಕಾ, ನೀವು ಅಲ್ಲಿ ಇದ್ದಂಗೇ ಇಲ್ಲ ನೋಡ್ರಿ!'
ಹುಡುಗಿ ಖುಷಿಯಾಗಿಯೇ ಅಂದಳು.
ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿಸಿಕೊಂಡೆ.

ಆದರೆ ಒಂದು ಬಾಗಿಲ ತಿರುವಿನಲ್ಲಿ, ಅರೆಗಳಿಗೆ,
ಕಲ್ಲುಗೋಡೆಯ ಮೇಲೆ ಒಂದು ನೆರಳು ಬಿದ್ದಿದೆ:
ಹೆಂಗಸು, ತುಸು ಬಾಗಿದ್ದಾಳೆ,
ಚಾಚಿದ ಕೈಯಲ್ಲಿ ಹುಟ್ಟು.

ಕತ್ತರಿಸಬಹುದಿತ್ತು.